ಏಳು ದಿನದ ಸೊಪ್ಪು

"ಉಪದೇಶಿಗಳೇ, ಸೃಷ್ಟಿಯನ್ನು ನೋಡಿ ಸಂತೋಷಪಡುವುದೂ ಪ್ರಾರ್ಥನೆಯೇ? ಇಲ್ಲವೇ ಅದು ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳುವ ದಾರಿಯೇ?"

ಕೇಳಿದವನು ಇನ್ನಾಸಪ್ಪ. ಚೌರಪ್ಪ ಉಪದೇಶಿಗಳ ಬಳಿ ಕೆಲಸ ಕಲಿಯಲು ಬಂದವನು. ಚರ್ಚಿನ ಸ್ವಾಮಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವ ಹಳ್ಳಿಗಳಲ್ಲಿ ಉಳಿದ ದಿನ ಜಪ ನಡೆಸುವವನು ಉಪದೇಶಿ. ಸತ್ತವರ ಮನೆಗೆ ಮೊದಲು ಹೋಗುವವನೂ ಅವನೇ.

"ಯಾಕೆ ಕೇಳುತ್ತೀಯ?" ಎಂದರು ಉಪದೇಶಿಗಳು.

"ನಮ್ಮೂರಲ್ಲಿ ಕುರಿ ಕಾಯೋನೊಬ್ಬ ಇದಾನೆ. ಭಾನುವಾರ ಚರ್ಚಿಗೆ ಬಾರಯ್ಯ ಅಂದರೆ, ಕುರಿಮರಿ ಕುಣಿಯೋದ ನೋಡಿದ್ನಲ್ಲ, ನಂದು ಪೂಜೆ ಆಯ್ತು ಹೋಗು ಅಂತಾನೆ. ಜನ ನಗ್ತಾರೆ. ನಾನೂ ನಗ್ತೀನಿ. ಆಮೇಲೆ ಅವನ ಮುಖ ನೋಡಿದರೆ ಸುಳ್ಳು ಹೇಳೋನ ಹಾಗೆ ಕಾಣಲ್ಲ. ಏನು ಹೇಳಬೇಕು ಅಂತ ತಿಳೀತಿಲ್ಲ."

ಉಪದೇಶಿಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನನಗೂ ತಿಳಿಯದು. ಒಬ್ಬ ರೈತನ ಕತೆ ಗೊತ್ತು. ಹೇಳುತ್ತೇನೆ, ಕೇಳು."

ಹೀಗೆಂದು ಅವರು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಅವನೂ ಅವನ ಹೆಂಡತಿಯೂ ರೇಷ್ಮೆ ಹುಳು ಸಾಕುತ್ತಿದ್ದರು. ಮಕ್ಕಳಿರಲಿಲ್ಲ. ಮನೆ ಚಿಕ್ಕದು. ಇದ್ದದ್ದು ಒಂದೇ ನಡುಮನೆ. ಅದರಲ್ಲಿ ಅರ್ಧ ಅವರಿಗೆ, ಅರ್ಧ ಹುಳುವಿಗೆ. ಹುಳುವಿನ ಕಡೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೂ ಇದ್ದವು.

ತೋಟ ಗಂಡನದು, ಹುಳು ಹೆಂಡತಿಯದು. ಅವನು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಇಡುತ್ತಿದ್ದ. ಒಳಗಿನದೆಲ್ಲ ಅವಳು. ಹುಳುವಿಗೆ ಹೊಗೆಯಾಗುವುದಿಲ್ಲ, ವಾಸನೆಯಾಗುವುದಿಲ್ಲ. ಹುಳು ಇರುವಷ್ಟು ದಿನ ಒಲೆ ಹಿತ್ತಲ ಚಪ್ಪರಕ್ಕೆ ಹೋಗುತ್ತಿತ್ತು. ಒಗ್ಗರಣೆ ಇಲ್ಲ. ಬೀಡಿ ಇಲ್ಲ. ಬಂದ ನೆಂಟರಿಗೂ ಜಗಲಿಯೇ. ಹುಳು ದೊಡ್ಡದಾದ ವಾರ ಅವಳು ಪೂಜೆಗೂ ಹೋಗುತ್ತಿರಲಿಲ್ಲ.

ಗಂಡ ದೈವಭಕ್ತ. ಎರಡು ಹೊತ್ತು ಜಪಸರ ತಪ್ಪಿಸಿದವನಲ್ಲ. ಅವನಿಗೆ ಇದು ಸರಿಬರಲಿಲ್ಲ.

"ದೇವರಿಗಿಂತ ಹುಳ ದೊಡ್ಡದಾ ನಿಂಗೆ?" ಎಂದು ಕೇಳುತ್ತಿದ್ದ.

"ದೊಡ್ಡದಲ್ಲ ಕಣ್ರೀ, ಸಣ್ಣದು. ಇಷ್ಟು ಸಣ್ಣದನ್ನ ಮಾಡೋದಕ್ಕೆ ದೇವರಿಗೆ ಪುರುಸೊತ್ತಿತ್ತು. ನೋಡೋದಕ್ಕೆ ನಿಮಗೆ ಇಲ್ಲ" ಎನ್ನುತ್ತಿದ್ದಳು.

ಬಾಯಿ ಜಾಸ್ತಿ ಇವಳಿಗೆ ಎಂದುಕೊಂಡು ಅವನು ಹೊರಟುಬಿಡುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದಿಲ್ಲ. ತಲೆ ಎತ್ತಿ ಅಲ್ಲಾಡದೆ ನಿಲ್ಲುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಏಳು ದಿನ ಅದಕ್ಕೆ ತೀರದ ಹಸಿವು. ದಿನಕ್ಕೆ ಐದು ಸಲ ಸೊಪ್ಪು ಹಾಕಬೇಕು. ತಿನ್ನುವ ಸದ್ದು ಎಲೆಯ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಆ ಏಳು ದಿನ ಕೈಬಿಟ್ಟರೆ ಹುಳು ಗೂಡು ಕಟ್ಟುವುದಿಲ್ಲ. ಸಾಯುತ್ತದೆ.

ಒಂದು ಸಲ ಹುಳು ನಾಲ್ಕನೆಯ ಜ್ವರಕ್ಕೆ ಹೋದ ದಿನವೇ ಹೆಂಡತಿ ಸತ್ತಳು. ಹಿಂದಿನ ದಿನ ಎದೆ ಹಿಡಿದ ಹಾಗಿದೆ ಎಂದಿದ್ದಳು. ಬೆಳಿಗ್ಗೆ ನೀರು ಕಾಯಿಸಲು ಎದ್ದಳು. ಒಲೆಯ ಮುಂದೆ ಕೂತಳು. ಹಾಗೇ ಪಕ್ಕಕ್ಕೆ ಒರಗಿದಳು. ಅಷ್ಟೇ.

ಅವಳನ್ನು ನಡುಮನೆಯಲ್ಲಿ ಮಲಗಿಸಿದರು. ಒಂದು ಕಡೆ ಅವಳು. ಒಂದು ಕಡೆ ಹುಳು, ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿಕೊಂಡು. ಜನ ಬಂದರು, ಅತ್ತರು. ಹುಳುವಿನ ಕಡೆ ಯಾರೂ ನೋಡಲಿಲ್ಲ. ರೈತ ನೋಡಿದ. ಇವೂ ಅವಳಿಗಾಗಿ ಜಪ ಮಾಡುತ್ತಿವೆಯೋ ಏನೋ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಹೆಂಡತಿಯ ಹೆಣ ಮುಂದಿದ್ದಾಗ ಹುಳು ನೋಡುತ್ತ ಕೂತಿದ್ದೇನಲ್ಲ ಎಂದು ಮುಖ ತಿರುಗಿಸಿದ.

ಮರುದಿನ ಮಣ್ಣು ಮಾಡಿ ಬಂದರು.

ಆ ಊರಿನ ಕ್ರೈಸ್ತರಲ್ಲಿ ಒಂದು ರೂಢಿ ಇತ್ತು. ಸತ್ತವರನ್ನು ಮಲಗಿಸಿದ್ದ ಜಾಗದಲ್ಲೇ ಏಳು ದಿನ ಸಂಜೆ ಮೇಣದಬತ್ತಿ ಹಚ್ಚಬೇಕು. ಕೆಂಡಕ್ಕೆ ಸಾಂಬ್ರಾಣಿ ಹಾಕಬೇಕು. ಊರವರೆಲ್ಲ ಸೇರಿ ಜಪ ಮಾಡಬೇಕು. ಆ ಏಳು ದಿನ ಆತ್ಮ ದಾರಿಯಲ್ಲಿರುತ್ತದೆ, ಉಳಿದವರ ಜಪವೇ ಅದಕ್ಕೆ ಬುತ್ತಿ ಎಂದು ಹಿರಿಯರು ಹೇಳುತ್ತಿದ್ದರು.

ಮೊದಲ ಸಂಜೆ ನಡುಮನೆ ತುಂಬ ಜನ. ಸಾಂಬ್ರಾಣಿ ಹಾಕಿದವನು ರೈತನೇ. ಒಂದು ಚಿಟಿಕೆ ಹಾಕುವ ಕಡೆ ಒಂದು ಹಿಡಿ ಹಾಕಿದ. ಅವಳಿಗೆ ಕಡಿಮೆಯಾಗಬಾರದು ಎಂದು. ಹೊಗೆ ಸೂರಿಗೆ ಮುಟ್ಟಿತು. ಅವಳು ಇದ್ದಿದ್ದರೆ ಕೆಂಡದ ಸಮೇತ ಹೊರಗೆ ಎಸೆಯುತ್ತಿದ್ದಳು. ಆ ಹೊತ್ತಿಗೆ ಅವನಿಗೆ ಅದು ನೆನಪಾಗಲಿಲ್ಲ. ಮನೆಮನೆಯಲ್ಲೂ ಹುಳು ಸಾಕುವ ಊರು ಅದು. ಬೇರೆಯವರಿಗೂ ನೆನಪಾಗಲಿಲ್ಲ.

ಬೆಳಿಗ್ಗೆ ಹುಳು ಜ್ವರದಿಂದ ಎದ್ದಿತ್ತು. ಸದ್ದಿಲ್ಲದ ಮನೆಯಲ್ಲಿ ಅವನು ಎದ್ದು ನೋಡಿದ. ಸಾವಿರ ತಲೆ ಆ ಕಡೆ ಈ ಕಡೆ ಆಡುತ್ತಿದ್ದವು. ಸೊಪ್ಪು ತಂದ. ಎಂದಿನ ಹಾಗೆ ಬಾಗಿಲಲ್ಲಿ ಇಟ್ಟ. ಇಟ್ಟು ನಿಂತ. ಒಳಗಿನಿಂದ ಯಾರೂ ಬರಲಿಲ್ಲ. ಆಮೇಲೆ ತಾನೇ ಎತ್ತಿಕೊಂಡು ಒಳಗೆ ಹೋದ.

ಮೂರು ತಟ್ಟೆಯ ಹುಳು ಸೊಪ್ಪು ಮುಟ್ಟಲಿಲ್ಲ. ಕೆಂಡದ ಹತ್ತಿರ ಇದ್ದ ತಟ್ಟೆಗಳು ಅವು. ಹುಳುವಿನ ಬಾಯಲ್ಲಿ ಹಸಿರು ನೀರು. ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ ಸತ್ತವು. ಅವನು ತಿಪ್ಪೆಯ ಪಕ್ಕ ಗುಂಡಿ ತೋಡಿ ಸುರಿದು ಮುಚ್ಚಿದ. ಎರಡು ದಿನದಲ್ಲಿ ಎರಡು ಸಲ ಮಣ್ಣು ಹಾಕಿದ.

ಉಳಿದದ್ದನ್ನೂ ಸುರಿದುಬಿಡೋಣ ಅನ್ನಿಸಿತು. ಇವು ಇದ್ದುದಕ್ಕೇ ಅವಳು ದಣಿದಳು, ದಣಿದೇ ಸತ್ತಳು ಅನ್ನಿಸಿತು. ಒಂದು ತಟ್ಟೆ ಎತ್ತಿದ. ಹುಳು ತಲೆ ಆಡಿಸಿ ಹುಡುಕುತ್ತಿತ್ತು. ಅದು ಹುಡುಕುತ್ತಿದ್ದದ್ದು ಸೊಪ್ಪನ್ನು. ಅವನಿಗೆ ಮಾತ್ರ ಅವಳ ಕೈಯನ್ನು ಹುಡುಕುತ್ತಿದೆ ಅನ್ನಿಸಿತು. ತಟ್ಟೆಯನ್ನು ಜಾಗದಲ್ಲಿಟ್ಟು ಮತ್ತೆ ತೋಟಕ್ಕೆ ಹೋದ.

ಸಂಜೆ ಬಾಮೈದ ಮೇಣದಬತ್ತಿ ಹಿಡಿದುಕೊಂಡು ಬಂದ. ಸತ್ತವಳ ತಮ್ಮ ಅವನು. ಹಿಂದೆ ಜನ ಇದ್ದರು. ರೈತ ಬಾಗಿಲಿಗೆ ಅಡ್ಡ ನಿಂತಿದ್ದ.

"ಯಾಕೆ ಭಾವ, ಬಾಗಿಲು ಮುಂದಕ್ಕೆ ಹಾಕಿದ್ದೀಯ? ಜನ ಬಂದವ್ರೆ."

"ಹೊಗೆ ಬೇಡ ಕಣೋ. ಹುಳ ಸಾಯ್ತವೆ. ಜಗಲೀಲಿ ಮಾಡಾನ."

"ಅಕ್ಕನ್ನ ಮಲಗಿಸಿದ್ದು ಜಗಲೀಲಾ?"

"ಸಾಂಬ್ರಾಣಿ ಬೇಡ. ಬತ್ತೀನೂ ಬೇಡ. ಇಬ್ರು ಮೂರು ಜನ ಒಳಗೆ ಬನ್ನಿ. ಬರೀ ಜಪ ಮಾಡಾನ."

"ಸಾಂಬ್ರಾಣಿ ಬೇಡ, ಬತ್ತಿ ಬೇಡ, ಜನ ಬೇಡ. ನಮ್ಮಕ್ಕನೂ ಬೇಡ ಅಂದ್ಬುಡು, ಮುಗೀತು!" ಬಾಮೈದ ಕೈಯಲ್ಲಿದ್ದ ಮೇಣದಬತ್ತಿಯನ್ನು ಮುಂದೆ ಚಾಚಿದ. "ಅವಳ ಆತ್ಮಕ್ಕಿಂತ ಹುಳ ದೊಡ್ಡದಾ ಭಾವ ನಿಂಗೆ?"

ಹೆಚ್ಚುಕಡಿಮೆ ರೈತನೇ ಹೆಂಡತಿಯನ್ನು ಕೇಳುತ್ತಿದ್ದ ಮಾತು. ಅವಳ ಬಳಿ ಉತ್ತರ ಇರುತ್ತಿತ್ತು.

"ಗೊತ್ತಿಲ್ಲ" ಎಂದ.

"ಗೊತ್ತಿಲ್ವಂತೆ! ಕೇಳಿದ್ರಾ?"

"ದುಃಖಕ್ಕೆ ತಲೆ ಕೆಟ್ಟೈತೆ, ಬಿಡ್ರಪ್ಪ" ಎಂದಳು ಜನರಲ್ಲಿದ್ದ ಒಬ್ಬ ಮುದುಕಿ.

ಜಪ ಬಾಮೈದನ ಮನೆಗೆ ಹೋಯಿತು. ಅದು ಊರಿನ ಆ ತುದಿ. ಅಲ್ಲಿ ಅವಳು ಹುಟ್ಟಿದ್ದಳು. ಅಲ್ಲೂ ಅವಳದೊಂದು ಜಾಗ ಇದೆ ಎಂದು ಬಾಮೈದ ಹೇಳಿದನಂತೆ.

ಅಲ್ಲಿ ಜಪದ ಹೊತ್ತು, ಇಲ್ಲಿ ಸೊಪ್ಪಿನ ಹೊತ್ತು. ಹಾಡು ಶುರುವಾದರೆ ರೈತನಿಗೆ ಕೇಳುತ್ತಿತ್ತು. ಹೆಂಡತಿಗಾಗಿ ಊರೆಲ್ಲ ಹಾಡುತ್ತಿದೆ, ಗಂಡ ಸೊಪ್ಪು ಹಿಡಿದು ಇಲ್ಲಿದ್ದಾನೆ. ನನ್ನ ಪಾಲಿನ ಬುತ್ತಿ ಇಲ್ಲದೆ ಅವಳು ಹೋಗುತ್ತಾಳೆ ಎಂದು ಹೆದರಿಕೆಯಾಯಿತು. ಇದ್ದಲ್ಲೇ ಜಪ ಹೇಳಿಕೊಳ್ಳೋಣ ಎಂದುಕೊಂಡ. ಮೊದಲ ನಾಲ್ಕು ಮಾತು ಬಂದವು. ಅಷ್ಟರಲ್ಲಿ ಒಂದು ತಟ್ಟೆಯಲ್ಲಿ ಸೊಪ್ಪು ಒದ್ದೆ ಇರುವುದು ಕಂಡಿತು. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ರೋಗ. ಅದನ್ನು ತೆಗೆದ, ಬೇರೆ ಹಾಕಿದ. ಜಪ ಎಲ್ಲಿಗೆ ನಿಂತಿತು ಎಂದು ಮರೆಯಿತು. ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಮರೆತ. ಜಪಸರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಎರಡು ಕೈಯೂ ಸೊಪ್ಪಿಗೆ ಬೇಕಾಗಿದ್ದವು.

ನಾಲ್ಕನೆಯ ಸಂಜೆ ಕೈ ತೊಳೆದ. ಬೇರೆ ಅಂಗಿ ಹಾಕಿಕೊಂಡ. ಬಾಮೈದನ ಮನೆಗೆ ಹೊರಟ. ಬಾಗಿಲ ಹತ್ತಿರಕ್ಕೆ ಹೋಗಿ ನಿಂತ. ಹಾಡು ಕೇಳುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳು ಕಾಣುತ್ತಿದ್ದವು. ತಿರುಗಿ ಬಂದುಬಿಟ್ಟ. ಹುಳುವಿನ ಮೇಲಿನ ಪ್ರೀತಿಗೆ ತಿರುಗಿದ್ದಲ್ಲ. ಆ ಬಾಗಿಲಿಗೆ ಕಾಲು ಬರಲಿಲ್ಲ. ಆಮೇಲೆ ಯಾರೋ ಕೇಳಿದರೆ ಸೊಪ್ಪು ಬಾಡುತ್ತಿತ್ತು ಎಂದ. ಅದೂ ಸುಳ್ಳಲ್ಲ. ಬಾಡುತ್ತಿತ್ತು.

ಬಂದವನು ಸೊಪ್ಪು ಹಾಕಿದ. ಹಾಕಿ ಅಲ್ಲೇ ಉಳಿದ. ಒಂದು ಹುಳುವನ್ನು ನೋಡಿದ. ಅದು ಎಲೆಯ ಅಂಚು ಹಿಡಿದು ತಿನ್ನುತ್ತದೆ. ತಲೆ ಮೇಲಿನಿಂದ ಕೆಳಕ್ಕೆ ಬರುತ್ತದೆ, ಮತ್ತೆ ಮೇಲಕ್ಕೆ ಹೋಗುತ್ತದೆ, ಮತ್ತೆ ಕೆಳಕ್ಕೆ. ಓದು ಬಂದವರು ಸಾಲು ಬಿಡದೆ ಓದಿದ ಹಾಗೆ. ಮೈ ಹಾಲಿನ ಹಾಗೆ. ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆ. ಅದರಲ್ಲೇ ಅದು ಉಸಿರಾಡುತ್ತದೆ ಎಂದು ಅವಳು ಯಾವಾಗಲೋ ಹೇಳಿದ್ದಳು. ಇಪ್ಪತ್ತು ವರ್ಷ ಹುಳು ಇದ್ದ ಮನೆಯಲ್ಲಿ ಅವನು ಮಲಗಿದ್ದ. ಹುಳುವನ್ನು ನೋಡಿದ್ದು ಈಗ.

ದೇವರು ಎಷ್ಟು ಜೋಪಾನವಾಗಿ ಮಾಡಿದ್ದಾನೆ ಅನ್ನಿಸಿತು. ಕಣ್ಣು ತುಂಬಿತು. ಮರುಕ್ಷಣಕ್ಕೆ ಸಿಟ್ಟು ಬಂತು. ಇದನ್ನು ಇಷ್ಟು ಜೋಪಾನ ಮಾಡಿದವನೇ ಅವಳನ್ನು ಒಲೆಯ ಮುಂದೆ ಒರಗಿಸಿದ. ಎರಡೂ ಒಂದೇ ಕೈಯೇ? ಒಂದೇ ಕೈಯಾದರೆ ಅದನ್ನು ಕೊಂಡಾಡಬೇಕೋ, ಅದಕ್ಕೆ ಹೆದರಬೇಕೋ? ಅವನಿಗೆ ತಿಳಿಯಲಿಲ್ಲ. ಮುಂದಿನ ಹೊತ್ತಿನ ಸೊಪ್ಪನ್ನು ಸಿಟ್ಟಿನಲ್ಲೇ ಹಾಕಿದ. ಸಿಟ್ಟಿನಲ್ಲಿ ಹಾಕಿದ್ದನ್ನೂ ಹುಳು ತಿಂದಿತು.

ಏಳನೆಯ ದಿನ ಹುಳು ಹಣ್ಣಾಯಿತು. ಹಣ್ಣಾದ ಹುಳು ತಿನ್ನುವುದಿಲ್ಲ. ಮೈ ಪಾರದರ್ಶಕವಾಗಿ ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಮೊದಲು ಹಣ್ಣಾದ ಹುಳುವನ್ನು ಅವಳು ಪ್ರತಿ ಸಲವೂ ಅಂಗೈ ಮೇಲೆ ಇಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದಳು. ಬೆಳಕಿಗೆ ಹಿಡಿದು ಅವನನ್ನು ಕರೆಯುತ್ತಿದ್ದಳು. ಕೆಲಸ ಇದೆ ಎಂದು ಅವನು ಹೋಗುತ್ತಿರಲಿಲ್ಲ. ಈ ಸಲ ಅವನೇ ಬಾಗಿಲಿಗೆ ತಂದು ಬೆಳಕಿಗೆ ಹಿಡಿದ. ಒಳಗೆ ಯಾರೋ ದೀಪ ಇಟ್ಟ ಹಾಗಿತ್ತು.

"ಬಾರೇ ಇಲ್ಲಿ, ನೋಡು" ಎಂದು ಕರೆದುಬಿಟ್ಟ.

ಕರೆದದ್ದು ತನಗೇ ಕೇಳಿಸಿತು. ಹುಳು ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದ.

ಆ ದಿನ ಊರಿನ ಆ ತುದಿಯಲ್ಲಿ ಏಳನೆಯ ದಿನದ ಜಪ, ಊಟ. ಇವನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುವ ಹಾಗಿರಲಿಲ್ಲ. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಗೂಡು ಕಟ್ಟಲೆಂದು ಇಡುವ ಬಿದಿರಿನ ತಟ್ಟಿ ಅದು. ಅವನು ಆರಿಸಿ ಬಿಟ್ಟ. ಎರಡು ದಿನದಲ್ಲಿ ಮನೆ ತುಂಬ ಗೂಡು. ತಿನ್ನುವ ಸದ್ದು ನಿಂತಿತು. ಆಗ ಅವನಿಗೆ ಅವಳು ಸತ್ತದ್ದು ಗೊತ್ತಾಯಿತು.

ಗೂಡು ಬಿಡಿಸಿ ಮೂಟೆ ಕಟ್ಟಿ ಬಾಗಿಲಿಗೆ ತಂದಿಟ್ಟ ದಿನ ಬಾಮೈದ ಬಂದ. ಜಗಳಕ್ಕೆ ಬಂದವನ ಹಾಗೆ ಕಾಣಲಿಲ್ಲ. ಸೋತವನ ಹಾಗೆ ಕಂಡ. ಜಗಲಿಯ ಮೇಲೆ ಕೂತ.

"ಭಾವ, ಇವನ್ನ ಇನ್ನೇನು ಕುದಿಯೋ ನೀರಿಗೆ ಹಾಕ್ತಾರೆ. ನೂಲು ತೆಗೆಯೋಕೆ. ಒಳಗಿರೋದು ಸಾಯುತ್ತೆ."

"ಗೊತ್ತು."

"ಸಾಯೋದನ್ನ ಸಾಕಿದ್ದಾಯ್ತು. ಮೊದಲ ಸಂಜೆ ಆದ್ಮೇಲೆ ಒಂದು ದಿನ ಬಂದು ನ‌ಮ್ಮಕ್ಕನಿಗೆ ಅಂತ ನೀನು ಮಂಡಿ ಊರಲಿಲ್ಲ. ಅವಳು ಕೇಳಿದ್ರೆ ಏನು ಹೇಳ್ತೀಯ?"

ರೈತ ಮೂಟೆಯ ಬಾಯಿಗೆ ಹಗ್ಗ ಸುತ್ತುತ್ತಿದ್ದ. ಅವಳು ಪ್ರತಿ ಸಲ ಮೂಟೆ ಗಾಡಿಗೆ ಏರುವ ಮೊದಲು ಅದರ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಗಂಟು ಬಿಗಿಯಾಗಿದೆಯೋ ಇಲ್ಲವೋ ನೋಡುತ್ತಿದ್ದಾಳೆ ಎಂದುಕೊಂಡಿದ್ದ. ಇಷ್ಟು ನೋಡಿಕೊಂಡದ್ದನ್ನು ಕೊನೆಗೆ ಅವಳು ಹೇಗೆ ಕಳಿಸುತ್ತಿದ್ದಳು? ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತಿದ್ದಳು? ಎಂದೂ ಕೇಳಿರಲಿಲ್ಲ. ಈಗ ಕೇಳಬೇಕಾಗಿತ್ತು.

"ಅವಳು ಕೇಳಲಿ ಕಣೋ" ಎಂದ. "ಕೇಳಿದ್ರೆ ಸಾಕು."

ಬಾಮೈದ ಎದ್ದು ಬಂದು ಮೂಟೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಗಾಡಿಗೆ ಏರಿಸಿದರು.

"ಇಷ್ಟೇ ಕತೆ" ಎಂದರು ಉಪದೇಶಿಗಳು.

ಇನ್ನಾಸಪ್ಪನ ಮುಖದಲ್ಲಿ ತೃಪ್ತಿ ಇರಲಿಲ್ಲ. ಕೇಳುವ ಮೊದಲು ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಈಗ ಇತ್ತು.

"ಅವನು ಮಾಡಿದ್ದು ಸರಿಯೋ ತಪ್ಪೋ ನೀವು ಹೇಳಲಿಲ್ಲ. ಹಸಿದ ಹುಳುವಿಗೆ ಸೊಪ್ಪು ಹಾಕಿದ, ಒಪ್ಪಿದೆ. ನೋಡಿ ಕಣ್ಣೀರು ಹಾಕಿದ, ಅದನ್ನೂ ಒಪ್ಪಿದೆ. ಆದರೆ ಜಪ ಅರ್ಧಕ್ಕೆ ನಿಂತಿತು. ಬಾಗಿಲವರೆಗೆ ಹೋದವನು ತಿರುಗಿ ಬಂದ. ಸತ್ತವಳಿಗೆ ಅವನಿಂದ ಏನು ಸಿಕ್ಕಿತು? ಬಾಮೈದ ಹೇಳಿದ್ದು ನಿಜ ತಾನೇ? ಮೊದಲ ಸಂಜೆ ಬಿಟ್ಟರೆ ಒಂದು ಸಲವೂ ಅವನು ಅವಳಿಗಾಗಿ ಮಂಡಿ ಊರಲಿಲ್ಲವಲ್ಲ?"

ಅದಕ್ಕೆ ಉಪದೇಶಿಗಳು ಹೇಳಿದ್ದು ಒಂದೇ ಮಾತು.

"ಅಡಿಯ ತಟ್ಟೆಗೆ ಸೊಪ್ಪು ಹಾಕಬೇಕಾದರೆ ಮಂಡಿ ಊರದೆ ಆಗುವುದಿಲ್ಲ, ಇನ್ನಾಸಪ್ಪ."